ಕಿವಿ ಮೇಸ್ತ್ರಿಯ ಬ್ಯಾಕ್‌ಫೈರ್

ನನ್ನ ಸೋದರಮಾವನ ಮುಂದೆ ಯಾರಾದರೂ ‘ನಮ್ಮ ಪ್ಲಾನ್ ಬ್ಯಾಕ್‌ಫೈರ್ ಆಯ್ತು’ ಎಂದರೆ, ಅವತ್ತು ಗಾಡಿ ಬೇಗ ಸಿಗುತ್ತದೆ ಎಂಬ ಆಸೆಯನ್ನು ಅವರು ಬಿಡಬೇಕಿತ್ತು. ಮಾವ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು, ಎಣ್ಣೆ ಬಟ್ಟೆಯಲ್ಲಿ ಒಂದೊಂದೇ ಬೆರಳನ್ನು ಒರೆಸಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಕೇಳುತ್ತಿದ್ದ.

“ಏನಾಯ್ತು ಅಂದ್ರಿ?”

“ಅದೇ ಮೇಸ್ತ್ರಿ, ಮಗಳ ಮದುವೆ ಬಯಲಲ್ಲಿ ಇಟ್ಕೊಂಡಿದ್ವಿ. ಮಳೆ ಸುರಿದು ಎಲ್ಲಾ ಬ್ಯಾಕ್‌ಫೈರ್ ಆಗೋಯ್ತು.”

“ಮಳೆ ಬಂದ್ರೆ ಅದು ಎಡವಟ್ಟು. ಬ್ಯಾಕ್‌ಫೈರ್ ಅಂದ್ರೆ ಬೇರೆ. ಎಂಜಿನ್ನಿಗೆ ನೀವೇ ಪೆಟ್ರೋಲ್ ಕುಡಿಸಿ, ನೀವೇ ಕಿಡಿ ಹಚ್ಚಿ, ಒಳಗೆ ಉರೀಬೇಕಾದ ಬೆಂಕಿ ಹೊರಗೆ ಬಂದು ಸಿಡಿಯುತ್ತಲ್ಲ, ಅದು ಬ್ಯಾಕ್‌ಫೈರು. ಮಳೆಗೆ ನೀವೇನು ಪೆಟ್ರೋಲ್ ಕುಡಿಸಿದ್ರಾ?”

ಗಿರಾಕಿ ಪೆಚ್ಚು ನಗೆ ನಗುತ್ತಿದ್ದ. ಮಾವ ಅಷ್ಟಕ್ಕೆ ಬಿಡುತ್ತಿರಲಿಲ್ಲ. ಪೇಪರಿನವರು, ಟಿವಿಯವರು ಎಲ್ಲರೂ ಸೇರಿ ಆ ಪದವನ್ನು ಕೆಡಿಸಿಹಾಕಿದ್ದಾರೆ ಎನ್ನುವುದು ಅವನ ದೂರು. ಪಂದ್ಯ ಸೋತರೂ ಬ್ಯಾಕ್‌ಫೈರ್, ಬಸ್ಸು ತಪ್ಪಿದರೂ ಬ್ಯಾಕ್‌ಫೈರ್. ಇನ್ನೊಬ್ಬರಿಗೆ ಅಂತ ಹೂಡಿದ್ದು ತಿರುಗಿ ತನಗೇ ಬಂದು ಬಡಿದರೆ ಮಾತ್ರ ಆ ಮಾತು ಆಡಬೇಕು, ಉಳಿದದ್ದಕ್ಕೆ ಬೇರೆ ಮಾತುಗಳು ಬೇಕಾದಷ್ಟಿವೆಯಲ್ಲ ಎಂದು ವಾದಿಸುತ್ತಿದ್ದ. ಕೊನೆಗೆ ಯಾವಾಗಲೂ ಒಂದೇ ವಾಕ್ಯ ಹೇಳಿ ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದ: “ಎಂಜಿನ್ನು ತಾನಾಗಿ ಬ್ಯಾಕ್‌ಫೈರ್ ಆಗಲ್ಲ. ಯಾವನೋ ಕೈಯಾಡ್ಸಿರ್ತಾನೆ.”

ಈ ಒಂದು ವಾಕ್ಯದಲ್ಲಿ ನನ್ನ ಮಾವ ಇಡಿಯಾಗಿ ಇದ್ದಾನೆ. ಅವನ ಪಾಲಿಗೆ ಜಗತ್ತಿನಲ್ಲಿ ಯಾವುದೂ ತಾನಾಗಿ ಕೆಡುವುದಿಲ್ಲ. ಮನೆಯಲ್ಲಿ ಹಾಲು ಒಡೆದರೆ ಅಮ್ಮ ‘ಹಾಲು ಕೈಕೊಡ್ತು’ ಎನ್ನುತ್ತಾಳೆ, ಹಾಲೇ ಮೋಸಗಾರ ಎನ್ನುವಂತೆ. ಅಪ್ಪ ‘ಏನೋ ಎಡವಟ್ಟಾಯ್ತು’ ಎನ್ನುತ್ತಾರೆ, ಅದರಲ್ಲಿ ಯಾರ ತಪ್ಪೂ ಇಲ್ಲ. ನಾನು ‘ಉಲ್ಟಾ ಹೊಡೀತು’ ಎಂದು ನಕ್ಕು ಬಿಡುತ್ತೇನೆ. ಮಾವ ಮಾತ್ರ ಏನೂ ಹೇಳದೆ, ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹಾಲಿನವನ ಮುಖವನ್ನು ದಿಟ್ಟಿಸುತ್ತಿದ್ದ.

ಅವನು ನನ್ನ ಅಮ್ಮನ ತಮ್ಮ. ಮದುವೆಯಾಗಲಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಹುಡುಗಿಯ ಕಡೆಯವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ಅವನಿಗೆ ಅನ್ನಿಸುತ್ತಿತ್ತು. ಒಬ್ಬಳು ಜಾಸ್ತಿ ನಕ್ಕಳು, ಒಬ್ಬಳು ನಗಲೇ ಇಲ್ಲ, ಇನ್ನೊಬ್ಬಳ ಅಪ್ಪ ಎಲ್ಲದಕ್ಕೂ ಒಪ್ಪಿದ, ಅದು ಇನ್ನೂ ದೊಡ್ಡ ಅನುಮಾನ. ಕೊನೆಗೆ ಅಮ್ಮನೇ ಸೋತು, ‘ನಿನ್ನ ನೆರಳನ್ನೇ ಮದ್ವೆ ಮಾಡ್ಕೋ, ಅದೂ ಎಲ್ಲಿಗೆ ಹೋಗುತ್ತೆ ಅಂತ ನೋಡ್ತಾ ಇರು’ ಎಂದು ಕೈತೊಳೆದುಕೊಂಡಳು. ನಮ್ಮ ಮನೆಯ ಮಹಡಿಯ ಮೇಲಿನ ಕೋಣೆ ಅವನದು. ಊಟ ನಮ್ಮ ಜೊತೆಗೇ.

ಇಂಥ ಮನುಷ್ಯನ ಹತ್ತಿರ ಯಾಕೆ ಜನ ಗಾಡಿ ತರುತ್ತಿದ್ದರು ಎಂದರೆ ಅವನ ಕಿವಿಗಾಗಿ. ಅವನನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬೈಕು ರಸ್ತೆಯ ತಿರುವಿನಲ್ಲಿ ಇರುವಾಗಲೇ, ಕೂತಲ್ಲಿಂದಲೇ, ‘ವಾಲ್ವ್ ಸಡಿಲ ಆಗಿದೆ, ಚೈನ್ ಒಣಗಿದೆ, ಓಡಿಸ್ತಿರೋನಿಗೆ ಸಿಟ್ಟು ಬಂದಿದೆ’ ಎಂದು ಹೇಳುತ್ತಿದ್ದ. ಮೂರನೆಯದೂ ನಿಜವಾಗಿರುತ್ತಿತ್ತು. ಎಂಜಿನ್ನಿನ ಮಗ್ಗುಲಲ್ಲಿರುವ ಪುಟ್ಟ ಗಾಳಿ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು, ತಲೆ ವಾಲಿಸಿ ಕೇಳುವುದು, ಮತ್ತೆ ಕೂದಲೆಳೆಯಷ್ಟು. ಆ ಸ್ಕ್ರೂ ತಪ್ಪಿದರೆ ಪೆಟ್ರೋಲಿಗೂ ಗಾಳಿಗೂ ಹೊಂದಿಕೆ ತಪ್ಪಿ, ಸೈಲೆನ್ಸರಿನ ಬಾಯಲ್ಲಿ ಪಟ್ ಪಟ್ ಎಂದು ಸಿಡಿಯುತ್ತದೆ. ಮಾವ ರಿಪೇರಿ ಮಾಡಿಕೊಟ್ಟ ಗಾಡಿ ಸಿಡಿದದ್ದನ್ನು ನಾನು ಚಿಕ್ಕಂದಿನಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಗ್ಯಾರೇಜು ಮಾವನದೂ ನನ್ನ ಅಪ್ಪನದೂ ಪಾಲುದಾರಿಕೆ. ಎರಡು ಶಟರಿನ ಕಟ್ಟಡ, ಒಳಗೆ ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ಮೇಲೆ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರದ ಬಿಳಿ ಗೆರೆ. ಆ ಗೆರೆ ಬರೆದವನು ಮಾವನೇ. ಯಾವುದಾದರೂ ಕಾಣೆಯಾದರೆ ಕೂಡಲೇ ಗೊತ್ತಾಗಲಿ ಎಂದು. ಅಪ್ಪನ ಪಾಲಿಗೆ ಬ್ರೇಕು, ವೈರು, ಟೈರು. ಮಾವನ ಪಾಲಿಗೆ ಎಂಜಿನ್ನು. ನಾನು ಮುಂದಿನ ಕೌಂಟರಿನಲ್ಲಿ ಬಿಡಿಭಾಗ ಮಾರುತ್ತೇನೆ, ಗಿರಾಕಿಗಳ ಬೈಗುಳ ಕೇಳುತ್ತೇನೆ. ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ಕಾನೂನಿತ್ತು: ಮಾವ ಕಿವಿಗೊಟ್ಟು ಮುಗಿಸಿದ ಎಂಜಿನ್ನಿನ ಮೇಲೆ ಬೇರೆ ಯಾರೂ ಸ್ಕ್ರೂಡ್ರೈವರ್ ಇಡಬಾರದು. ಅಪ್ಪನೂ ಇಡಬಾರದು.

ಅಪ್ಪನಿಗೆ ಅದೇನೂ ಕಷ್ಟವಿರಲಿಲ್ಲ. ಅವರು ಮಾತೇ ಆಡದ ಮನುಷ್ಯ. ‘ನಮ್ಮ ಭಾವ ಮೌನಗೌರಿ’ ಎಂದು ಮಾವ ಗೇಲಿ ಮಾಡಿದರೆ ಅದಕ್ಕೂ ನಗುತ್ತಿದ್ದರು. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿತ್ತು. ಒಬ್ಬ ಎಲ್ಲರನ್ನೂ ಅನುಮಾನಿಸುವುದು, ಇನ್ನೊಬ್ಬರು ಅನುಮಾನಕ್ಕೆ ಉತ್ತರವನ್ನೇ ಕೊಡದೆ ಇರುವುದು.

ಕಳೆದ ವರ್ಷದಿಂದ ಮಾವನ ಅನುಮಾನ ಬೇರೆಯೇ ಬಣ್ಣಕ್ಕೆ ತಿರುಗಿತು. ಮೊದಲು ಹೊರಗಿನವರನ್ನು ಅನುಮಾನಿಸುತ್ತಿದ್ದ. ಈಗ ಮನೆಯವರನ್ನು.

“ನಾನು ಬರ್ತಿದ್ದ ಹಾಗೆ ಯಾಕೆ ಪಿಸುಪಿಸು ಶುರು ಮಾಡ್ತೀರಾ?” ಎಂದು ಊಟಕ್ಕೆ ಕೂತಾಗ ಕೇಳುತ್ತಿದ್ದ. ಯಾರೂ ಪಿಸುಗುಟ್ಟಿರುತ್ತಿರಲಿಲ್ಲ. ಅಮ್ಮ ಉಪ್ಪು ಕೊಡು ಎಂದಿರುತ್ತಿದ್ದಳು, ಅಷ್ಟೇ. ಅವನ ಫೋನು ಮೇಜಿನ ಮೇಲೆ ಬಡಿದುಕೊಂಡು ಸುಮ್ಮನಾದರೆ, ಆಮೇಲೆ ತೆಗೆದು ನೋಡಿ, ‘ರಿಂಗೇ ಆಗಿಲ್ಲ, ಯಾರೋ ಕಟ್ ಮಾಡಿದಾರೆ’ ಎಂದು ನನ್ನ ಕಡೆ ನೋಡುತ್ತಿದ್ದ. ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಮನೆಯ ಅನ್ನ ತಿಂದುಕೊಂಡು ಮನೆಯವರ ಮೇಲೇ ಕಣ್ಣಿಡುವವನಿಗೆ ಏನು ಹೇಳುವುದು? ಅಮ್ಮ ಮಾತ್ರ, ‘ವಯಸ್ಸಾಯ್ತು, ಒಂಟಿ ಜೀವ, ತಲೆ ಬಿಸಿ’ ಎಂದು ಸಮಾಧಾನ ಹೇಳುತ್ತಿದ್ದಳು.

ಅಷ್ಟರಲ್ಲಿ ಅಪ್ಪ ಸೊಂಟ ನೋವಿನಿಂದ ಒಂದು ವಾರ ಹಾಸಿಗೆ ಹಿಡಿದರು. ಅದೇ ವಾರ ಮಾವ ರಿಪೇರಿ ಮಾಡಿ ಕಳಿಸಿದ ಗಾಡಿಗಳು ಒಂದರ ಹಿಂದೆ ಒಂದು ವಾಪಸು ಬಂದವು. ಫೋಟೋ ಸ್ಟುಡಿಯೋದವರ ಬೈಕು, ಶಾಲೆಯ ಮೇಷ್ಟರ ಸ್ಕೂಟರು, ಎಲ್ಲದಕ್ಕೂ ಒಂದೇ ರೋಗ, ಸೈಲೆನ್ಸರಿನಲ್ಲಿ ಪಟ್ ಪಟ್. ‘ಕಿವಿ ಮೇಸ್ತ್ರಿ ಕೈಯಲ್ಲಿ ಹೀಗಾಗೋದೇ?’ ಎಂದು ಮೇಷ್ಟರು ಅಂದಾಗ ಮಾವನ ಮುಖ ಬೂದಿಯಾಯಿತು. ಆ ಮಾತು ಅವನ ಜೀವಮಾನದಲ್ಲಿ ಯಾರೂ ಆಡಿರಲಿಲ್ಲ.

ಅಪ್ಪ ವಾಪಸು ಬಂದ ಮೇಲೆ ಆ ಕಾಟ ನಿಂತಿತು. ಆದರೆ ಮಾವನ ಕಾಟ ಆಗಲೇ ಶುರುವಾದದ್ದು.

ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಮಾವ ನನ್ನ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ ನಿಂತ.

“ಒಂದು ವಿಷ್ಯ. ನಾನು ಬಿಟ್ಟ ಜಾಗದಲ್ಲಿ ಸ್ಕ್ರೂ ಇರಲ್ಲ.”

“ಅಂದ್ರೆ?”

“ಸ್ಕ್ರೂ ತಲೆ ಮೇಲೆ ಗೀಟು ಇರುತ್ತಲ್ಲ, ಅದನ್ನ ನೆಟ್ಟಗೆ ನಿಲ್ಲಿಸಿ ಮನೆಗೆ ಹೋಗಿರ್ತೀನಿ. ಬೆಳಿಗ್ಗೆ ಬಂದು ನೋಡಿದ್ರೆ ಓರೆ ಆಗಿರುತ್ತೆ. ಸಂಜೆ ಶಟರ್ ಎಳೆಯೋರು ಯಾರು?”

ಶಟರ್ ಎಳೆಯುವವರು ಅಪ್ಪ.

“ಭಾವ ಮಲ್ಕೊಂಡಿದ್ದಾಗ ಗಾಡಿಗಳು ವಾಪಸ್ ಬಂದ್ವಲ್ಲ, ಅದರ ಅರ್ಥ ಗೊತ್ತಾಯ್ತಾ? ‘ನಾನಿಲ್ದಿದ್ರೆ ಗ್ಯಾರೇಜ್ ನಡಿಯಲ್ಲ’ ಅಂತ ತೋರಿಸ್ಬೇಕಿತ್ತು. ಮಲಗೋಕೆ ಮುಂಚೆನೇ ಏನೋ ಮಾಡಿಟ್ಟಿದಾರೆ. ಆ ಹೊಸ ಬೈಕ್ ಶೋರೂಮಿನವನ ಜೊತೆ ಮಾತಾಡಿದ್ದನ್ನ ನಾನೇ ನೋಡಿದೀನಿ. ನನ್ನ ಹೆಸರು ಕೆಡಿಸಿ, ಗಿರಾಕಿಗಳನ್ನ ಕಟ್ಕೊಂಡು ಆ ಕಡೆ ಹೋಗೋ ಮಸಲತ್ತು.”

“ಮಾವ, ಅವರು ನನ್ನ ಅಪ್ಪ.”

“ಅದಕ್ಕೇ ನಿನ್ನನ್ನ ಕೇಳ್ತಿರೋದು. ಹೊರಗಿನವರನ್ನ ಕೇಳಿದ್ರೆ ಮನೆ ಮಾನ ಹೋಗುತ್ತೆ. ಸುಮ್ನೆ ಕಣ್ಣಿಟ್ಟಿರು. ಸುಳ್ಳಾಗಿದ್ರೆ ನನ್ನಷ್ಟು ಖುಷಿಪಡೋನು ಯಾರೂ ಇಲ್ಲ.”

ಅವನ ಕೆನ್ನೆಗೆ ಎರಡು ಬಿಡಬೇಕು ಎಂದು ನನಗೆ ಅನ್ನಿಸಿತು. ಆದರೆ ಅನುಮಾನ ಅನ್ನುವುದು ಕಣ್ಣಿಗೆ ಬಿದ್ದ ಧೂಳಿನ ಹಾಗೆ, ಉಜ್ಜಿದಷ್ಟೂ ಒಳಗೇ ಹೋಗುತ್ತದೆ. ಬಿಳಿ ಶರ್ಟಿನ ಒಬ್ಬಾತ ಅಪ್ಪನನ್ನು ರಸ್ತೆಯ ಆಚೆ ಬದಿಗೆ ಕರೆದುಕೊಂಡು ಹೋಗಿ ಮಾತಾಡಿದ್ದನ್ನು ನಾನೂ ನೋಡಿದ್ದೆ. ನಾನು ಯಾರು ಅಂತ ಕೇಳಿದಾಗ ಅಪ್ಪ ‘ಯಾರೋ’ ಎಂದಿದ್ದರು. ಯಾರೋ ಆದವನು ಹೆಗಲ ಮೇಲೆ ಕೈಹಾಕುತ್ತಾನೆಯೇ?

ಮರುದಿನ ಸಂಜೆ ಮಾವ ಮನೆಗೆ ಹೊರಟ ಮೇಲೆ ನಾನು ಬ್ಯಾಗು ಹಿಡಿದು ಹೊರಟವಳ ಹಾಗೆ ಮಾಡಿ, ಟೈರುಗಳ ರಾಶಿಯ ಹಿಂದೆ ನಿಂತೆ. ಅಪ್ಪ ಒಂದು ಶಟರ್ ಎಳೆದರು. ರಸ್ತೆಯ ಎರಡೂ ಕಡೆ ನೋಡಿದರು. ಆಮೇಲೆ ಮಾವ ಆಗತಾನೇ ಮುಗಿಸಿಟ್ಟಿದ್ದ ಸ್ಟುಡಿಯೋದವರ ಬೈಕಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅದನ್ನು ಸ್ಟಾರ್ಟ್ ಮಾಡಿ, ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದರು. ಎಡಗೈಯನ್ನು ಸೈಲೆನ್ಸರಿನ ಹಿಂದೆ ಹಿಡಿದು, ಬಲಗೈಯಲ್ಲಿ ಸ್ಕ್ರೂ ತಿರುಗಿಸಿದರು. ಅವರ ಬೆನ್ನು ನನ್ನ ಕಡೆಗಿತ್ತು. ಅಂಗಡಿಯಲ್ಲಿ ಕದಿಯುವವರು ಹೇಗೆ ಬೆನ್ನು ಮಾಡುತ್ತಾರೋ ಹಾಗೆ.

ಅವತ್ತು ರಾತ್ರಿ ಮನೆಯಲ್ಲಿ ಊಟ ಬಡಿಸುವಾಗ ಬೇಕೆಂದೇ ಕೇಳಿದೆ.

“ಅಪ್ಪ, ಸ್ಟುಡಿಯೋದವರ ಬೈಕಿನ ಎಂಜಿನ್ ಸರಿ ಮಾಡಿದ್ಯಾರು?”

“ಮಾವ ಮಾಡಿದಾನಲ್ಲ.”

“ನೀವು ಮುಟ್ಲಿಲ್ವಾ?”

“ನಾನ್ಯಾಕೆ ಮುಟ್ಲಿ,” ಎಂದು ಅಪ್ಪ ತಟ್ಟೆಯ ಕಡೆ ನೋಡಿದರು.

ಸುಳ್ಳು ಹೇಳಿದರು. ನನ್ನ ಅಪ್ಪ, ನನ್ನ ಕಣ್ಣೆದುರು. ಮಹಡಿಯ ಮೇಲಿನವನ ಅನುಮಾನಕ್ಕೆ ಇಷ್ಟು ವರ್ಷ ನಕ್ಕವಳಿಗೆ ಅವತ್ತು ನಿದ್ದೆ ಹತ್ತಲಿಲ್ಲ. ಅಮ್ಮನಿಗೆ ಹೇಳಲೇ? ಅಮ್ಮನಿಗೂ ಗೊತ್ತಿದ್ದರೆ? ಗೊತ್ತಿದ್ದೂ ಇಬ್ಬರೂ ಸೇರಿ ಒಳಗೊಳಗೇ ಏನಾದರೂ ನಡೆಸಿದ್ದರೆ? ಮಾವನ ಹಾಗೇ ಯೋಚಿಸುತ್ತಿದ್ದೇನೆ ಎಂದು ಗೊತ್ತಾಗಿ ನನ್ನ ಮೇಲೇ ಹೇಸಿಗೆಯಾಯಿತು. ಆದರೂ ಯೋಚನೆ ನಿಲ್ಲಲಿಲ್ಲ.

ಕಂಡದ್ದನ್ನು ನಾನು ಮಾವನಿಗೆ ಹೇಳಲಿಲ್ಲ. ಆದರೆ ಅವನು ಉಗುರಿನ ಬಣ್ಣ ಕೇಳಿದಾಗ ಯಾಕೆ ಎಂದೂ ಕೇಳದೆ ಕೊಟ್ಟುಬಿಟ್ಟೆ. ಕೆಂಪು ಬಣ್ಣ. ಯಾಕೆಂದು ನನಗೆ ಗೊತ್ತಿತ್ತು. ಸ್ಕ್ರೂವಿನ ತಲೆಯ ಮೇಲೆ ಒಂದು ತೊಟ್ಟು ಇಟ್ಟು ಒಣಗಲು ಬಿಟ್ಟರೆ, ಯಾರು ತಿರುಗಿಸಿದರೂ ಬಣ್ಣ ಬಿರಿಯುತ್ತದೆ. ಬಿರಿಯದೇ ಇರಲಿ ಎಂದು ನಾನು ಬೇಡಿಕೊಂಡೆ.

ಬಲೆ ಹಾಕಲು ಮಾವ ಆರಿಸಿಕೊಂಡದ್ದು ಬ್ರೆಡ್ಡಿನಕ್ಕನ ಸ್ಕೂಟರ್. ಆಕೆ ಬೆಳಿಗ್ಗೆ ಬೆಳಿಗ್ಗೆ ಮನೆಮನೆಗೆ ಬ್ರೆಡ್ಡು ಬನ್ನು ಹಾಕುವವಳು, ಮಾತಿನಲ್ಲಿ ಖಡಕ್, ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೆ ಹೇಳುವವಳು. ಸಾಕ್ಷಿಗೆ ಅಂಥವರೇ ಬೇಕು ಎಂಬುದು ಮಾವನ ಲೆಕ್ಕಾಚಾರ. ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕೇಳಿದ. ಮೊದಲೆಲ್ಲ ಎರಡು ಮಾರು ದೂರದಲ್ಲಿ ನಿಂತು ಕೇಳುತ್ತಿದ್ದವನು ಈಗೀಗ ಹೀಗೆ ಒತ್ತಿ ಹಿಡಿಯುವುದನ್ನು ನಾನು ಗತ್ತು ಅಂದುಕೊಂಡಿದ್ದೆ. ಮುಗಿದ ಮೇಲೆ ಕೆಂಪು ತೊಟ್ಟು ಇಟ್ಟು, ಊದಿ ಒಣಗಿಸಿ, ಅಪ್ಪನಿಗೆ ‘ಬರ್ತೀನಿ ಭಾವ’ ಎಂದು ಎಂದಿಗಿಂತ ಪ್ರೀತಿಯಿಂದ ಹೇಳಿ ಹೋದ.

ಬೆಳಿಗ್ಗೆ ನಾನು ಗ್ಯಾರೇಜಿಗೆ ಹೋದಾಗ ಅಮ್ಮ ಆಗಲೇ ಅಲ್ಲಿದ್ದಳು. ಮಾವ ಅವಳನ್ನು ಏನೂ ಹೇಳದೆ ಕರೆತಂದಿದ್ದ. ಬ್ರೆಡ್ಡಿನಕ್ಕ ಖಾಲಿ ಬುಟ್ಟಿ ಹಿಡಿದು ನಿಂತಿದ್ದಳು. ಅಪ್ಪ ಟೈರಿಗೆ ಗಾಳಿ ಹಾಕುತ್ತಿದ್ದರು.

“ಭಾವ, ಅದನ್ನ ನಿಲ್ಸಿ ಇಲ್ಲಿ ಬನ್ನಿ,” ಎಂದ ಮಾವ. ಸ್ಕೂಟರಿನ ಮಗ್ಗುಲಲ್ಲಿ ಕೂತು ಬೆರಳು ತೋರಿಸಿದ. “ಇಲ್ಲಿ ಕೆಂಪು ಬಣ್ಣ ಇಟ್ಟಿದ್ದೆ. ಒಡೆದಿದೆ. ಯಾರು ಮುಟ್ಟಿದ್ದು?”

ಅಪ್ಪ ಬಗ್ಗಿ ನೋಡಿದರು. ನನ್ನ ಕಡೆ ನೋಡಿದರು. ಆ ಬಣ್ಣ ನನ್ನ ಉಗುರಿನ ಮೇಲೂ ಇತ್ತು. ಕೈಗಳನ್ನು ಹಿಂದೆ ಮುಚ್ಚಿಟ್ಟುಕೊಂಡೆ.

“ನಾನೇ,” ಎಂದರು ಅಪ್ಪ.

“ಕೇಳಿಸ್ಲಿಲ್ಲ. ಜೋರಾಗಿ ಹೇಳಿ.”

“ನಾನೇ ಮುಟ್ಟಿದ್ದು.”

“ಎಲ್ಲರೂ ಕೇಳಿದ್ರಲ್ಲ? ಅಕ್ಕ, ಕೇಳಿದ್ಯಾ? ನಿನ್ನ ಗಂಡನ ಬಾಯಿಂದಾನೇ ಬಂತು.” ಮಾವನ ಧ್ವನಿ ನಡುಗುತ್ತಿತ್ತು. ಗೆದ್ದವನ ಧ್ವನಿ ಹಾಗೆ ನಡುಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. “ಮೊದಲಿಂದ ಒಟ್ಟಿಗೆ ದುಡಿದ್ವಿ. ಬೇಕಿದ್ರೆ ಮುಖ ನೋಡಿ ‘ಹೋಗ್ತೀನಿ’ ಅನ್ಬೋದಿತ್ತು. ನನ್ನ ಕೈಕೆಲಸ ಕೆಡಿಸಿ ನನ್ನ ಹೆಸರಿಗೆ ಮಸಿ ಬಳೀಬೇಕಿತ್ತಾ? ಶಟರಿನ ಕೀ ಇಲ್ಲಿಟ್ಟು ಶೋರೂಮಿಗೇ ಹೋಗಿ.”

ಅಪ್ಪ ಜೇಬಿನಿಂದ ಕೀ ತೆಗೆದು ನನ್ನ ಕೌಂಟರಿನ ಮೇಲಿಟ್ಟರು. ಅಮ್ಮನಿಗೆ ತಡೆಯಲಾಗಲಿಲ್ಲ.

“ಏನೋ ನಿನ್ನ ಬಾಯಿಗೆ ಬೀಗ ಇಲ್ವಾ? ಆ ಶೋರೂಮಿನವನು ಮನೆ ಬಾಗಿಲ ತನಕ ಬಂದು ಕರೆದ. ಇವರು ಒಲ್ಲೆ ಅಂದ್ರು. ಯಾಕೆ ಅಂತ ನನಗೂ ಹೇಳ್ಲಿಲ್ಲ. ಯಾರಿಗೋಸ್ಕರ ಒಲ್ಲೆ ಅಂದಿದ್ದು ಅಂತ ನೀನೇ ಕೇಳು!”

ಅಂದರೆ ಶೋರೂಮಿನವನು ಕರೆದದ್ದು ನಿಜ. ಮಾವನ ಅನುಮಾನ ಅಷ್ಟರ ಮಟ್ಟಿಗೆ ಸರಿಯಾಗಿಯೇ ಇತ್ತು. ಅವನು ಅಮ್ಮನ ಮಾತಿನ ಮೊದಲ ತುಂಡನ್ನು ಮಾತ್ರ ಹಿಡಿದುಕೊಂಡ.

“ನೋಡಿದ್ರಾ? ಕರೆದಿದ್ದು ನಿಜ ಅಂತ ಅವಳೇ ಒಪ್ಕೊಂಡ್ಲು. ಈಗ ಎಲ್ಲರೂ ಕಿವಿಯಾರೆ ಕೇಳಿ. ಇವರು ಕೆಡಿಸಿದ್ದು ಹೇಗಿದೆ, ನಾನು ಮಾಡಿಟ್ಟಿದ್ದು ಹೇಗಿತ್ತು ಅಂತ.”

ಸ್ಕೂಟರ್ ಸ್ಟಾರ್ಟ್ ಮಾಡಿದ. ಎಂಜಿನ್ನು ಸದ್ದಿಲ್ಲದ ಹಾಗೆ, ಒಂದೇ ಸಮನೆ ಓಡಿತು. ಅಪ್ಪ ‘ಕೆಡಿಸಿದ’ ಎಂಜಿನ್ನು ಅದು. ಬ್ರೆಡ್ಡಿನಕ್ಕ ನನ್ನ ಮುಖ ನೋಡಿದಳು. ಮಾವ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ, ಸಣ್ಣದರಲ್ಲಿ ಗಾಳಿ ಸ್ಕ್ರೂವನ್ನು ತಿರುಗಿಸಿದ. ಕೂದಲೆಳೆಯಷ್ಟು. ಮತ್ತೆ ಕೂದಲೆಳೆಯಷ್ಟು. ಸೈಲೆನ್ಸರಿನಲ್ಲಿ ಪಟ್ ಎಂದಿತು. ಸಣ್ಣ ಸದ್ದು, ಬೆರಳು ಚಿಟಿಕೆ ಹೊಡೆದಷ್ಟು. ಮತ್ತೆ ಪಟ್, ಪಟ್ ಪಟ್. ಮಾವ ಇನ್ನಷ್ಟು ತಿರುಗಿಸಿದ. ಕಣ್ಣು ಬಿಟ್ಟ. ಅವನ ಮುಖದಲ್ಲಿ ನಾನು ಚಿಕ್ಕಂದಿನಿಂದ ನೋಡಿದ ಅದೇ ತೃಪ್ತಿ ಇತ್ತು.

“ಕೇಳಿ. ಈಗ ಹೇಗಿದೆ? ಬೆಣ್ಣೆ!”

ಸ್ಕೂಟರ್ ಅವನ ಕಾಲ ಬುಡದಲ್ಲೇ ಪಟಪಟ ಸಿಡಿಯುತ್ತಿತ್ತು.

“ಮೇಸ್ತ್ರಿ, ಅದು...” ಎಂದು ಬ್ರೆಡ್ಡಿನಕ್ಕ ಬಾಯಿ ತೆರೆದಳು. ಅಪ್ಪ ಅವಳ ಕಡೆ ತಿರುಗಿ, ಬೇಡ ಎಂದು ತಲೆಯಾಡಿಸಿದರು. ಆ ಒಂದು ತಲೆಯಾಡಿಸುವಿಕೆಯಲ್ಲಿ ನನಗೆ ಎಲ್ಲವೂ ಅರ್ಥವಾಯಿತು. ಪಿಸುಪಿಸು, ರಿಂಗಾಗದ ಫೋನು, ಅಪ್ಪ ಮಲಗಿದ್ದ ವಾರ, ಮೇಷ್ಟರ ಸ್ಕೂಟರು. ಸಂಜೆ ಅಪ್ಪ ಕೂತು ಕೆಡಿಸುತ್ತಿರಲಿಲ್ಲ, ಸರಿ ಮಾಡುತ್ತಿದ್ದರು. ದಿನಾ. ಸಿಕ್ಕಿಬಿದ್ದ ಮೇಲೂ ಬಾಯಿ ಬಿಡದೆ ಕೀ ಕೊಟ್ಟು ಹೋಗಲು ತಯಾರಾಗಿದ್ದರು. ನನಗೆ ಅಳು ಬರುವ ಮೊದಲು ಸಿಟ್ಟು ಬಂತು. ಇಬ್ಬರ ಮೇಲೂ.

“ಮಾವ, ಪಟಪಟ ಅಂತ ಸಿಡೀತಿದೆ! ನಿನಗೆ ಕೇಳಿಸ್ತಿಲ್ವಾ?” ಎಂದು ಕೂಗಿದೆ.

ಅವನು ನನ್ನ ಕಡೆ ನೋಡಿದ ನೋಟವನ್ನು ಮರೆಯಲಾರೆ. “ನೀನೂ ಅವರ ಕಡೆ ಸೇರ್ಕೊಂಡ್ಯಾ?”

“ಮಾವ, ಆಣೆಗೂ...”

“ಎಲ್ಲರೂ ಮೊದಲೇ ಮಾತಾಡ್ಕೊಂಡು ಬಂದಿದೀರಾ!” ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಅಮ್ಮನ ಮುಖ, ಅಪ್ಪನ ಮುಖ, ಬ್ರೆಡ್ಡಿನಕ್ಕನ ಮುಖ, ನನ್ನ ಮುಖ. ಎಲ್ಲದರಲ್ಲೂ ಒಂದೇ ಬರೆದಿತ್ತು. ಆದರೆ ಇಡೀ ಜೀವಮಾನ ಯಾರನ್ನೂ ನಂಬದವನಿಗೆ, ನಾಲ್ಕು ಜನ ಒಂದೇ ಮಾತು ಹೇಳಿದರೆ ಅದು ನಿಜ ಅನ್ನಿಸುವುದಿಲ್ಲ, ಒಳಸಂಚು ಅನ್ನಿಸುತ್ತದೆ. ಆಣೆ ಮಾಡಿದರೂ ಅಷ್ಟೇ, ಅತ್ತರೂ ಅಷ್ಟೇ.

ಆಗ ಅಪ್ಪ ಬಂದು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಅವನ ಎಡಗೈಯ ಮಣಿಕಟ್ಟು ಹಿಡಿದರು. ಮಾವ ಕೊಸರಿಕೊಂಡ. ಅಪ್ಪ ಬಿಡಲಿಲ್ಲ. ಅವನ ಅಂಗೈಯನ್ನು ತಂದು ಸೈಲೆನ್ಸರಿನ ಬಾಯಿಯ ಹಿಂದೆ ಹಿಡಿದರು.

ಮಾವನ ಕೈ ಬಿಸಿ ಹೊಗೆಯಲ್ಲಿ ನಿಂತಿತು. ಹದವಾಗಿ ಓಡುವ ಎಂಜಿನ್ನಿನ ಉಸಿರು ಅಂಗೈಗೆ ಒಂದೇ ಸಮನೆ ತಾಗುತ್ತದೆ. ಅದು ಅಪ್ಪನಿಗೆ ಗೊತ್ತಿರುವ ಹಾಗೆ ಮಾವನಿಗೂ ಗೊತ್ತು. ಅವನ ಬೆರಳುಗಳು ಒಮ್ಮೆ ಬೆಚ್ಚಿದವು. ಮತ್ತೊಮ್ಮೆ ಬೆಚ್ಚಿದವು. ನಮಗೆ ಪಟ್ ಎಂದು ಕೇಳಿದಾಗಲೆಲ್ಲ ಅವನ ಕೈ ಬೆಚ್ಚುತ್ತಿತ್ತು. ಅವನು ನಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ ಈಗ, ತನ್ನ ಕೈಯನ್ನೇ ನೋಡುತ್ತಿದ್ದ.

ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದ. ಕೈಯನ್ನು ಹೊಗೆಯಲ್ಲೇ ಇಟ್ಟು, ಇನ್ನೊಂದು ಕೈಯಲ್ಲಿ ಸ್ಕ್ರೂವನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿದ. ಪಟಪಟ ಕಡಿಮೆಯಾಯಿತು, ನಿಂತಿತು. ಕೈ ಸ್ತಬ್ಧವಾಯಿತು. ಬಗ್ಗಿ ನೋಡಿದ. ಸ್ಕ್ರೂವಿನ ಗೀಟು, ಒಡೆದ ಕೆಂಪು ಬಣ್ಣದ ಸಮೇತ, ಹಿಂದಿನ ಸಂಜೆ ಅಪ್ಪ ಬಿಟ್ಟಿದ್ದ ಜಾಗದಲ್ಲೇ ಬಂದು ನಿಂತಿತ್ತು.

ಎಂಜಿನ್ ಆಫ್ ಮಾಡಿದ.

“ಯಾವಾಗಿಂದ, ಭಾವ?”

“ಇತ್ತೀಚೆಗೆ,” ಎಂದರು ಅಪ್ಪ, ಅವನಿಗೆ ಕೇಳಿಸುವಷ್ಟು ಜೋರಾಗಿ.

ಅದು ಎರಡನೆಯ ಸುಳ್ಳು. ನನ್ನ ಅಪ್ಪ ಎಂಥ ಸುಳ್ಳುಗಾರ ಎಂದು ನನಗೆ ಅವತ್ತು ಗೊತ್ತಾಯಿತು.

“ಹೇಳ್ಬಾರ್ದಿತ್ತಾ?”

“ಹೇಳಿದ್ರೆ ನಂಬ್ತಿದ್ಯಾ?”

ಬ್ರೆಡ್ಡಿನಕ್ಕನಿಗೆ ಖಡಕ್ ಮಾತೆಲ್ಲ ಮರೆತುಹೋಗಿತ್ತು. ಸಮಾಧಾನ ಮಾಡಲು ಹೋಗಿ, “ಏನೋ ಎಡವಟ್ಟಾಯ್ತು ಬಿಡಿ ಮೇಸ್ತ್ರಿ, ಮನಸ್ಸಿಗೆ ಹಚ್ಕೋಬೇಡಿ,” ಎಂದಳು.

“ಎಡವಟ್ಟಲ್ಲಮ್ಮ,” ಎಂದ ಮಾವ. “ಪೆಟ್ರೋಲ್ ನಾನೇ ಹಾಕಿದ್ದು. ಕಿಡಿ ಹಚ್ಚಿದ್ದೂ ನಾನೇ.”

ಕೌಂಟರಿನ ಮೇಲಿದ್ದ ಕೀ ಎತ್ತಿ ಅಪ್ಪನ ಜೇಬಿಗೆ ಹಾಕಿ, ಮನೆಗೆ ಹೋಗಿ ಮಹಡಿ ಹತ್ತಿದ. ಇಳಿಯಲಿಲ್ಲ.

ಕೊನೆಗೆ ಅಮ್ಮನೇ ಗದರಿಸಿ ಅವನನ್ನು ಕೆಳಗಿಳಿಸಿ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಜೀವಮಾನವಿಡೀ ಎಂಜಿನ್ನಿನ ಪಕ್ಕ, ಸುತ್ತಿಗೆಯ ಪಕ್ಕ ಕೂತ ಕಿವಿ ಇದು, ಇಂಥದ್ದರಲ್ಲಿ ಮೊದಲು ಸಣ್ಣ ಸಣ್ಣ ಸದ್ದುಗಳು ಹೋಗುತ್ತವೆ, ದಪ್ಪ ಸದ್ದು ಉಳಿಯುತ್ತದೆ, ಹೋದದ್ದು ಹೋದದ್ದೇ ಎಂದು ಡಾಕ್ಟರು ಹೇಳಿದರು. ಮಾತು ಕೇಳಲು ಕಿವಿಗೊಂದು ಮೆಷೀನು ಕೊಟ್ಟರು. ಎಂಜಿನ್ನಿನ ಮುಂದೆ ಮಾತ್ರ ಅದು ಬರೀ ಗದ್ದಲ. ‘ಆ ಡಾಕ್ಟರೂ ಬಿಳಿ ಶರ್ಟೇ ಹಾಕಿದಾನೆ, ಶೋರೂಮಿನವನ ಕಡೆಯವನೇ ಇರ್ಬೇಕು’ ಎಂದು ಮಾವ ಗೊಣಗಿದಾಗ ಅಮ್ಮನಿಗೆ ಸ್ವಲ್ಪ ಧೈರ್ಯ ಬಂತು. ಅನುಮಾನ ಉಳಿದಿದ್ದರೆ ಮನುಷ್ಯನೂ ಉಳಿಯುತ್ತಾನೆ ಎಂದು.

ಗ್ಯಾರೇಜಿಗೆ ಮಾತ್ರ ಬರಲಿಲ್ಲ. ಅಪ್ಪ ಬ್ರೇಕು, ವೈರು, ಟೈರು ಎಂದು ತಮ್ಮ ಕೆಲಸ ಮಾಡಿಕೊಂಡಿದ್ದರು. ಎಂಜಿನ್ನಿನ ಗಾಡಿಗಳು ಬಂದರೆ, ‘ಮೇಸ್ತ್ರಿ ಬರ್ಲಿ’ ಎಂದು ಸಾಲಾಗಿ ನಿಲ್ಲಿಸುತ್ತಿದ್ದರು. ಸಾಲು ಬಾಗಿಲು ದಾಟಿ ರಸ್ತೆಗೆ ಬಂತು. ಗಿರಾಕಿಗಳು ನನಗೆ ಬೈದರು.

“ನಿಮಗೆ ಬರುತ್ತಲ್ಲ ಅಪ್ಪ, ಇಷ್ಟು ದಿನ ಕದ್ದು ಮಾಡ್ತಿದ್ದೋರು ಈಗ ರಾಜಾರೋಷವಾಗಿ ಮಾಡಿ!” ಎಂದು ನಾನು ರೇಗಿದೆ.

“ಅವನು ಮುಗಿಸಿದ್ದನ್ನ ತಿದ್ದೋಕೆ ಬರುತ್ತೆ ಅಷ್ಟೆ,” ಎಂದರು ಅಪ್ಪ. “ಶುರು ಮಾಡೋದು ಅವನೇ.”

ನನಗೆ ಹೆದರಿಕೆಯಾಯಿತು. ಅವನು ಬಾರದಿದ್ದರೆ ಈ ಗ್ಯಾರೇಜು ಮುಚ್ಚುತ್ತದೆ, ಅದಕ್ಕಿಂತ ಮೊದಲು ಮಹಡಿಯ ಮೇಲಿನವನು ಮುಚ್ಚಿಹೋಗುತ್ತಾನೆ. ಗೋಡೆಯ ಮೇಲಿನ ಬಿಳಿ ಗೆರೆಗಳನ್ನು ನೋಡಲೂ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಶಟರಿನ ಸದ್ದಿಗೆ ತಲೆಯೆತ್ತಿದರೆ ಮಾವ ಒಳಗೆ ಬರುತ್ತಿದ್ದ. ಸಾಲಿನಲ್ಲಿ ಮೊದಲು ನಿಂತಿದ್ದ ಬೈಕಿನ ಮುಂದೆ ಮಣೆ ಎಳೆದುಕೊಂಡು ಕೂತ. ಕಿವಿಯ ಮೆಷೀನು ತೆಗೆದು ಜೇಬಿಗೆ ಹಾಕಿಕೊಂಡ. ಸ್ಟಾರ್ಟ್ ಮಾಡಿ ಸ್ಕ್ರೂಡ್ರೈವರ್ ಹಿಡಿದು ಸುಮ್ಮನೆ ಕೂತ. ಸೈಲೆನ್ಸರಿಗೆ ಅವನ ಕೈ ಎಟುಕುತ್ತಿರಲಿಲ್ಲ, ದೊಡ್ಡ ಬೈಕು ಅದು.

ಅಪ್ಪ ಗಾಳಿಯ ಪೈಪು ಕೆಳಗಿಟ್ಟು ಬಂದು ಅವನ ಹಿಂದೆ ನಿಂತರು. ಬಲಗೈಯ ತೋರುಬೆರಳನ್ನು ಮಾವನ ಹೆಗಲ ಮೇಲಿಟ್ಟರು. ಸೈಲೆನ್ಸರ್ ಪಟ್ ಎಂದಿತು. ಬೆರಳು ಹೆಗಲಿಗೆ ಒಮ್ಮೆ ತಟ್ಟಿತು. ಪಟ್ ಪಟ್. ಎರಡು ಸಲ ತಟ್ಟಿತು. ಮಾವ ತಿರುಗಿ ನೋಡಲಿಲ್ಲ. ಸ್ಕ್ರೂ ತಿರುಗಿಸಿದ, ಕೂದಲೆಳೆಯಷ್ಟು. ತಟ್ಟುವುದು ನಿಧಾನವಾಯಿತು.

“ಸುಳ್ಳು ತಟ್ಬೇಡಿ ಭಾವ,” ಎಂದ.

ಮಾವ ನನ್ನ ಕಡೆ ಮುಖ ಮಾಡಿ, ಗ್ಯಾರೇಜಿಗೆಲ್ಲ ಕೇಳುವಂತೆ ಕೂಗಿದ.

“ಏಯ್, ನೀನೇ ಹೇಳು. ಸರಿಯಾಗಿ ತಟ್ತಿದಾರಾ?”

ನಾನು ಹೌದು ಎಂದು ತಲೆಯಾಡಿಸಿದೆ.

“ನೀನೂ ಅವರ ಮಗಳೇ ಅಲ್ವಾ,” ಎಂದು ಗೊಣಗಿದ. ಆಮೇಲೆ ಕಣ್ಣು ಮುಚ್ಚಿ ಸ್ಕ್ರೂವನ್ನು ಇನ್ನೂ ಒಂದಿಷ್ಟು ತಿರುಗಿಸಿ, ಬೆರಳು ತಟ್ಟುವುದು ನಿಂತ ಕಡೆ ಕೈಬಿಟ್ಟ.